ಪಿ ಸೊನ್ನೆ ಒಂದು ಮೂರು ಐದು

ಕಾರಿನಲ್ಲಿ ಎಂಜಿನ್ ದೀಪ ಹತ್ತಿಕೊಂಡರೆ ಏನು ಮಾಡಬೇಕೆಂಬ ವಿಷಯದಲ್ಲಿ ಮೈಸೂರಿನಲ್ಲಿ ಎರಡು ಮತಗಳಿವೆ. "ಏನೂ ಆಗಲ್ಲ, ಓಡಿಸಿ ಸಾರ್" ಎನ್ನುವವರದು ಒಂದು. "ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಬೇಕು" ಎನ್ನುವವರದು ಇನ್ನೊಂದು. ಎರಡನೆಯವರು ಬಾನೆಟ್ ಎತ್ತುವ ಮೊದಲೇ ಹಾಗೆನ್ನುತ್ತಾರೆ. ಮೊದಲನೆಯವರು ಎತ್ತುವುದೇ ಇಲ್ಲ. ನಮ್ಮ ಭಾವ ಮೊದಲ ಮತದ ಪೀಠಾಧಿಪತಿ. ತಮ್ಮ ಕಾರಿನ ದೀಪದ ಮೇಲೆ ಅಕ್ಕನ ಸ್ಟಿಕ್ಕರ್ ಬಿಂದಿ ಅಂಟಿಸಿ, "ಈಗ ನೋಡು, ಲಕ್ಷಣವಾಗಿದೆ" ಎನ್ನುತ್ತಾರೆ.

ನನ್ನ 2014ರ ಕಾರಿನಲ್ಲಿ ಆ ಹಳದಿ ದೀಪ ಹತ್ತಿದಾಗ ನನಗಾದದ್ದು, ಹೇಳಿಕೊಳ್ಳಲು ನಾಚಿಕೆ, ಪರಮಾನಂದ. ಬೆಂಕಿಪೊಟ್ಟಣದ ಗಾತ್ರದ ನೀಲಿ ಸ್ಕ್ಯಾನರೊಂದನ್ನು ಆನ್‌ಲೈನಿನಲ್ಲಿ ತರಿಸಿಟ್ಟುಕೊಂಡು, ಕಾರಿಗೆ ಯಾವಾಗ ಕಾಯಿಲೆ ಬಂದೀತೋ ಎಂದು ಕಾಯುತ್ತಿದ್ದವನು ನಾನು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಓಬಿಡಿ-2 ವ್ಯವಸ್ಥೆ ಕಡ್ಡಾಯ. ಅಂದರೆ ಕಾರು ತನ್ನ ನೋವು ತಾನೇ ಬರೆದಿಟ್ಟುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಅಡಿಯಲ್ಲಿರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಮೊಬೈಲಿನಲ್ಲಿ ಓದಬಹುದು.

ಆ 'ಅಡಿಯಲ್ಲಿ' ಎಲ್ಲಿ ಎನ್ನುವುದೇ ತಾಪತ್ರಯ. ಬಗ್ಗಿ ನೋಡಿದೆ, ಕಾಣಲಿಲ್ಲ. ಮಂಡಿಯೂರಿದೆ, ಪೆಡಲುಗಳಷ್ಟೇ ಕಂಡವು. ಕೊನೆಗೆ ತಲೆಯನ್ನು ಕ್ಲಚ್ಚಿನ ಪಕ್ಕಕ್ಕಿಟ್ಟು, ಬೆನ್ನನ್ನು ಸೀಟಿನ ಅಂಚಿಗೆ ಒರಗಿಸಿ, ಕಾಲುಗಳನ್ನು ಸೀಟಿನ ಬೆನ್ನಿನ ಮೇಲೆ ಹಾಕಿ, ಯೋಗಾಸನದ ಯಾವ ಪಟದಲ್ಲೂ ಇಲ್ಲದ ಭಂಗಿಯೊಂದನ್ನು ಸಾಧಿಸಿದೆ. ಸಾಕೆಟ್ಟು ಕಂಡಿತು! ಕಂಡದ್ದೇನೋ ಹೌದು, ಆದರೆ ಬಾಯಲ್ಲಿ ಕಚ್ಚಿಕೊಂಡಿದ್ದ ಟಾರ್ಚು ಮೂಗಿನ ಮೇಲೆ ಬಿತ್ತು. ಅಂಗಿ ಎದೆಗೆ ಜಾರಿ ಹೊಟ್ಟೆ ಬಯಲಾಯಿತು. ಅಷ್ಟರಲ್ಲಿ ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನೊಳಗೆ ಬಂದರು. ಅವರಿಗೆ ಕಂಡದ್ದು ಕಿಟಕಿಯಲ್ಲಿ ಎರಡು ಪಾದ ಮಾತ್ರ.

"ಏನಾಯ್ತಪ್ಪಾ?" ಎಂದು ಪಾದಗಳನ್ನೇ ಕೇಳಿದರು.

"ಏನಿಲ್ಲ ಮೇಷ್ಟ್ರೇ, ಕೋಡ್ ಓದ್ತಿದೀನಿ" ಎಂದೆ ಕೆಳಗಿನಿಂದ. ಉತ್ತರ ಬಂದ ದಿಕ್ಕು ಅವರಿಗೆ ಸರಿಕಾಣಲಿಲ್ಲ. ಪಾದಗಳ ಕಡೆಗೇ ಇನ್ನಷ್ಟು ಬಾಗಿ, "ಎದೆ ನೋವೇನಾದ್ರೂ ಇದೆಯಾ?" ಎಂದರು. ಹಿರಿಯರೆದುರು ಕಾಲು ಚಾಚಿಕೊಂಡಿರುವುದು ಮರ್ಯಾದೆಯಲ್ಲವೆಂದು ಹೊಳೆದು ಕಾಲು ಕೆಳಗಿಳಿಸಲು ಹೋದೆ. ಮೊಣಕಾಲು ಹಾರ್ನಿನ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. ಹಾರ್ನು ಕೂಗುತ್ತಲೇ ಹೋಯಿತು, ಬೀದಿನಾಯಿಗಳು ದನಿಗೂಡಿಸಿದವು, ಬೀದಿಯ ಅರ್ಧ ಮನೆಗಳ ಬಾಗಿಲು ತೆರೆದವು. ಯಾರೋ ನೀರು ತಂದರು. ಇನ್ಯಾರೋ ಆಂಬುಲೆನ್ಸಿಗೆ ಫೋನ್ ಮಾಡಲೇ ಎಂದರು. ಒಂದು ಪುಟ್ಟ ಹುಡುಗಿ, "ಅಜ್ಜೀ, ಅಂಕಲ್ ಉಲ್ಟಾ ಹುಟ್ಟಿದಾರಾ?" ಎಂದಳು. ಅಷ್ಟೆಲ್ಲದರ ನಡುವೆ ನನ್ನ ಕೈ, ದೇವರಾಣೆಗೂ, ಸ್ಕ್ಯಾನರನ್ನು ಸಾಕೆಟ್ಟಿಗೆ ಸಿಕ್ಕಿಸಿತ್ತು.

ಉಳಿದದ್ದೆಲ್ಲ ಸಲೀಸು. ಕೀಲಿ ತಿರುಗಿಸಿ ಎಂಜಿನ್ ಶುರು ಮಾಡದೆ ನಿಲ್ಲಿಸಬೇಕು, ಬ್ಲೂಟೂತ್ ಪಾಸ್‌ವರ್ಡ್ ಕೇಳಿದರೆ 1234 ಎನ್ನಬೇಕು. ಪರದೆಯ ಮೇಲೆ ಮೂಡಿತು: ಪಿ0135. ಬ್ಯಾಂಕ್ 1, ಸೆನ್ಸರ್ 1, ಹೀಟರ್ ಸರ್ಕ್ಯೂಟ್.

"ಕಾರಿನ ಸಾಲ ತೀರಿ ಎಷ್ಟು ಕಾಲ ಆಯ್ತುರೀ, ಈಗ್ಯಾವ ಬ್ಯಾಂಕು?" ಎಂದಳು ಹೆಂಡತಿ.

ನಾನು ಕಾಯುತ್ತಿದ್ದ ಪ್ರಶ್ನೆ. ನೆರೆದವರನ್ನೂ ಸೇರಿಸಿ ವಿವರಿಸಿದೆ: ಬ್ಯಾಂಕೆಂದರೆ ಸಿಲಿಂಡರುಗಳ ಸಾಲು, ನಮ್ಮದರಲ್ಲಿರುವುದು ಒಂದೇ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆ ಲೆಕ್ಕ ತಪ್ಪಿತೋ ಇಲ್ಲವೋ ಎಂದು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ನೋಡಿ ಹೇಳುವುದು ಈ ಸೆನ್ಸರ್. 300 ಡಿಗ್ರಿಯಷ್ಟಾದರೂ ಕಾಯದಿದ್ದರೆ ಅದಕ್ಕೆ ಬುದ್ಧಿ ಓಡುವುದಿಲ್ಲ. ಬೇಗ ಕಾಯಲೆಂದು ಒಳಗೊಂದು ಪುಟ್ಟ ಹೀಟರ್. ಅದು ಕೆಟ್ಟರೆ ಕಂಪ್ಯೂಟರು ಅಂದಾಜಿನ ಮೇಲೆ ಪೆಟ್ರೋಲು ಸುರಿಯುತ್ತದೆ. ತಿರುಗಿ ನೋಡಿದರೆ ಮೇಷ್ಟ್ರೊಬ್ಬರೇ ನಿಂತಿದ್ದರು, ಅವರೂ ನೀರಿನ ಲೋಟ ವಾಪಸು ಕೊಡಬೇಕೆಂದು.

ಗ್ಯಾರೇಜಿಗೆ ಫೋನ್ ಮಾಡಿದರೆ, "ಹೇಳ್ಲಿಲ್ವಾ ಸಾರ್, ಸೆನ್ಸರೇ! ಹೊಸದು ಹಾಕೋಣ." ಕೋಡು ಹೇಳಿದ್ದು ಸರ್ಕ್ಯೂಟ್ ಅಂತ, ಸೆನ್ಸರ್ ಸತ್ತಿದೆ ಅಂತಲ್ಲ. ಬಾನೆಟ್ ಎತ್ತಿ ಆ ತಂತಿಯ ಜಾಡು ಹಿಡಿದು ಹೋದರೆ, ಕನೆಕ್ಟರಿನ ಹತ್ತಿರ ಇಲಿ ಕಡಿದ ಗುರುತು, ಪಕ್ಕದಲ್ಲಿ ಅರ್ಧ ತಿಂದ ಚಕ್ಕುಲಿ. ಆಟೋ ಎಲೆಕ್ಟ್ರಿಷಿಯನ್ ಹುಡುಗ ತಂತಿ ಬೆಸೆದು ಟೇಪು ಸುತ್ತಿದ. ಹೆಂಡತಿ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಗಂಟು ಕಟ್ಟಿದಳು. ದೀಪ ಆರಿತು.

ನನಗೆ ಕೋಪ ಬಂದದ್ದು ಆಮೇಲೆ. ಆ ದೀಪ ಹತ್ತುವುದು ಮುಖ್ಯವಾಗಿ ಎಂಜಿನ್ನಿಗಾಗಿ ಅಲ್ಲ, ಹೊಗೆಗಾಗಿ. ನನ್ನ ಕಾರಿನ ಹಿಂದೆ ಸ್ಕೂಟರಿನಲ್ಲಿ ಬರುವವರ ಮೂಗಿಗಾಗಿ. ದೀಪ ಉರಿಯುತ್ತಿದ್ದಾಗಲೇ ನಾನು ಹೊಗೆ ತಪಾಸಣೆಗೆ ಹೋಗಿದ್ದೆ. ಅಲ್ಲಿನವನು ಕೊಳವೆಯನ್ನು ಸೈಲೆನ್ಸರಿಗೆ ತೋರಿಸಿ, ಫೋಟೋ ಹೊಡೆದು, ಚೀಟಿ ಕೈಗಿತ್ತಿದ್ದ. ಡ್ಯಾಶ್‌ಬೋರ್ಡಿನ ಕಡೆ ಕಣ್ಣೂ ಹಾಯಿಸಲಿಲ್ಲ. ನಾನು ಉಲ್ಟಾ ಹುಟ್ಟಿದೆನೇ ಎಂದು ಕೇಳಿದ ಹುಡುಗಿ ಚಳಿಗಾಲ ಬಂತೆಂದರೆ ರಾತ್ರಿ ನೆಬ್ಯುಲೈಜರ್ ಇಟ್ಟುಕೊಂಡು ಮಲಗುತ್ತಾಳೆ. ಆ ಯಂತ್ರದ ಗುರ್‌ಗುರ್ ನಮ್ಮ ಮನೆಗೂ ಕೇಳುತ್ತದೆ.

ಹಾಗಾಗಿ ಭಾವನ ಬಿಂದಿಯ ಮೇಲೆ ನನ್ನ ಕಣ್ಣು ಬಿತ್ತು. ಅವರ ಮಗಳ ಮದುವೆಯ ದಿನವೇ, ಛತ್ರದ ಪಾರ್ಕಿಂಗಿನಲ್ಲಿ, ರೇಷ್ಮೆ ಪಂಚೆ ಎತ್ತಿ ಕಟ್ಟಿ ತಲೆ ಕೆಳಗೆ ಮಾಡಿದೆ. ಯಾರೋ ಹೋಗಿ ಸುದ್ದಿ ಮುಟ್ಟಿಸಿರಬೇಕು, ಭಾವ ಓಡಿಬಂದರು.

"ಏಳೋ ಮಾರಾಯ! ಬೀಗರು ನೋಡ್ತಿದಾರೆ!"

"ಒಂದ್ನಿಮಿಷ ಭಾವ, ನಿಮ್ಮದರಲ್ಲಿ ನಾಲ್ಕು ಕೋಡಿವೆ" ಎಂದೆ.