ಜಾದೂ ಮಾವ

ವರಪೂಜೆ ಮುಗಿದು, ಎರಡನೇ ಪಂಕ್ತಿಯ ಊಟವೂ ಆಗಿ, ಛತ್ರದ ಮಹಡಿಯಲ್ಲಿ ಜಮಖಾನ ಹಾಸಿ ರಮ್ಮಿಗೆ ಕೂರುವ ಹೊತ್ತಿಗೆ ಸರಿಯಾಗಿ ಜಾದೂ ಮಾವ ಹಾಜರಾಗುತ್ತಾರೆ. ಪ್ರತಿ ಮನೆತನದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಇಲ್ಲವಾದರೆ ಬೀಗರ ಕಡೆಯಿಂದ ಬರುತ್ತಾರೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರು. ಜುಬ್ಬಾದ ಜೇಬಿನಲ್ಲಿ ಮಾಸಿದ ಇಸ್ಪೀಟು ಕಟ್ಟು. ಆಟೀನ್ ಏಳು ಯಾವುದೋ ಮುಂಜಿಯಲ್ಲಿ ಕಳೆದುಹೋದದ್ದರಿಂದ ಜೋಕರಿನ ಮೇಲೆ ಪೆನ್ನಿನಲ್ಲಿ ಏಳು ಬರೆದುಕೊಂಡಿದ್ದಾರೆ. "ಒಂದು ಎಲೆ ತೆಗಿಯಪ್ಪಾ, ಯಾವುದಾದ್ರೂ" ಎಂದು ಕಟ್ಟನ್ನು ಬಿಚ್ಚಿ ನಿಮ್ಮ ಮೂಗಿನ ಕೆಳಗೆ ಹಿಡಿದರೆಂದರೆ ಅವತ್ತಿನ ರಮ್ಮಿ ಮುಗಿಯಿತು.

ನಿಜ ಹೇಳಬೇಕೆಂದರೆ ಮಾವನ ಕೈಚಳಕ ಅಷ್ಟಕ್ಕಷ್ಟೆ. ಬರುವುದು ಎರಡೇ ವಿದ್ಯೆ. ಒಂದು, ಕಟ್ಟಿನ ಅಡಿಯ ಎಲೆಯನ್ನು ಕದ್ದು ನೋಡಿಟ್ಟುಕೊಳ್ಳುವುದು. ನೀವು ತೆಗೆದ ಎಲೆಯನ್ನು ಮೇಲಿಡಿಸಿ ಕಟ್ ಮಾಡಿಸಿದರೆ, ಅವರ ಎಲೆ ಬಂದು ನಿಮ್ಮ ಎಲೆಯ ನೆತ್ತಿಯ ಮೇಲೆ ಕೂರುತ್ತದೆ; ಹುಡುಕುವುದು ಸಲೀಸು. ಇನ್ನೊಂದು, ಮೇಲಿನ ಎರಡು ಎಲೆಗಳನ್ನು ಸೇರಿಸಿ ಎತ್ತಿ, ಒಂದೇ ಎಂದು ನಂಬಿಸುವುದು. ಅದಕ್ಕೆ ಕಿರುಬೆರಳಲ್ಲಿ ಕೂದಲೆಳೆಯಷ್ಟು ಸಂದು ಮಾಡಿಕೊಳ್ಳಬೇಕು. ಮಾವ ಮಾಡುವ ಸಂದಿನಲ್ಲಿ ಚಕ್ಕುಲಿ ತೂರಿಸಬಹುದು. ಆದರೂ ಎಂಜಿನಿಯರು, ಲಾಯರು, ಲೆಕ್ಕದ ಮೇಷ್ಟ್ರು, ಒಬ್ಬರೂ ಇದುವರೆಗೆ ಹಿಡಿದಿಲ್ಲ. ಆ ಗಳಿಗೆಯಲ್ಲಿ ಅವರ ಕೈಯನ್ನು ಯಾರೂ ನೋಡುತ್ತಿರುವುದಿಲ್ಲ.

ನೋಡದ ಹಾಗೆ ಮಾಡುವುದರಲ್ಲಿ ಮಾವ ಪಂಡಿತರು. "ಅಂದ ಹಾಗೆ, ನಿನ್ನ ಪ್ರಮೋಷನ್ ಏನಾಯ್ತೋ?" ಎನ್ನುತ್ತಾರೆ. ಹಿರಿಯರು ಏನಾದರೂ ಕೇಳಿದಾಗ ಮುಖ ನೋಡದೆ ಉತ್ತರ ಕೊಟ್ಟರೆ ನಮ್ಮಲ್ಲಿ ಮರ್ಯಾದೆಯಲ್ಲ. ನೀವು ತಲೆ ಎತ್ತುತ್ತೀರಿ, ಕೆಳಗೆ ಎರಡೆಲೆ ಒಂದಾಗುತ್ತವೆ. ಯಾರಿಗೆ ಯಾವ ಪ್ರಶ್ನೆ ನಾಟುತ್ತದೆಂದು ಊಟದ ಹೊತ್ತಿಗೇ ವಿಚಾರಿಸಿಟ್ಟುಕೊಂಡಿರುತ್ತಾರೆ. ಒಬ್ಬನಿಗೆ ಸೈಟಿನ ಖಾತೆ, ಇನ್ನೊಬ್ಬಳಿಗೆ ಮಗನ ನೀಟ್ ರ‍್ಯಾಂಕು. ಅಮೆರಿಕದಿಂದ ಬಂದವನನ್ನು ಗ್ರೀನ್ ಕಾರ್ಡ್ ಬಗ್ಗೆ ಕೇಳಿಬಿಟ್ಟರೆ ಇಡೀ ಕಟ್ಟನ್ನು ಎಕ್ಕದಿಂದ ರಾಜನವರೆಗೆ ಜೋಡಿಸಿಕೊಳ್ಳುವಷ್ಟು ಪುರುಸೊತ್ತು ಸಿಗುತ್ತದೆ.

ಇದಕ್ಕೆಲ್ಲ ಶಾಸ್ತ್ರಾಧಾರವೂ ಉಂಟು. ಇಟಲಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಟೋನಿ ಸ್ಲೈಡಿನಿ ಮಾವನ ಮಾನಸ ಗುರು. ಒಬ್ಬನನ್ನು ವೇದಿಕೆಯಲ್ಲಿ ಕೂರಿಸಿ, ಕಾಗದದ ಉಂಡೆಗಳನ್ನು ಅವನ ತಲೆಯ ಮೇಲಿಂದಲೇ ಹಿಂದಕ್ಕೆ ಎಸೆದು ಮಾಯ ಮಾಡುತ್ತಿದ್ದ ಆಸಾಮಿ. ಸಭೆಗೆಲ್ಲ ಕಾಣುತ್ತಿತ್ತು, ಕುಳಿತವನೊಬ್ಬನಿಗೆ ಕಾಣುತ್ತಿರಲಿಲ್ಲ. ಜಾದೂಗಾರ ಮುಂದಕ್ಕೆ ಬಾಗಿದರೆ ನೋಡುವವರ ಗಮನ ಬಿಗಿಯಾಗುತ್ತದೆ, ಹಿಂದಕ್ಕೆ ಸರಿದರೆ ಸಡಿಲವಾಗುತ್ತದೆ, ಕಳ್ಳ ಕೆಲಸವೆಲ್ಲ ಆ ಸಡಿಲದಲ್ಲೇ ಆಗಬೇಕು ಎಂಬುದು ಅವನ ಪಾಠ. ಮಾವ ಹಿಂದಕ್ಕೆ ಸರಿಯುವುದೆಂದರೆ ಗೋಡೆಗೆ ಒರಗಿ, "ಹೋಳಿಗೆ ಸ್ವಲ್ಪ ಜಾಸ್ತಿಯಾಯ್ತು" ಎಂದು ತೇಗುವುದು. ತೇಗುವವರ ಕೈಯನ್ನು ಯಾರು ನೋಡುತ್ತಾರೆ?

ಮಧ್ಯೆ ಹೂಡಿನಿಯ ಕಥೆ ಬರಲೇಬೇಕು. ಯಾವ ಜಾದೂವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆಂದು ಜಂಬ ಕೊಚ್ಚುತ್ತಿದ್ದವನ ಮುಂದೆ, 1922ರಲ್ಲಿ, ಶಿಕಾಗೋದಲ್ಲಿ, ಡೈ ವರ್ನನ್ ಎಂಬವನು ಹೂಡಿನಿಯೇ ಸಹಿ ಹಾಕಿದ ಎಲೆಯನ್ನು ಕಟ್ಟಿನೊಳಗೆ ತೂರಿಸಿ, ಅದನ್ನೇ ಮತ್ತೆ ಮತ್ತೆ ಮೇಲಕ್ಕೆ ತಂದನಂತೆ. ಹೂಡಿನಿ ಕಡೆಗೂ ಕೈಚೆಲ್ಲಿದನಂತೆ. ಅವತ್ತು ತಾವು ಪಕ್ಕದ ಕುರ್ಚಿಯಲ್ಲೇ ಇದ್ದವರ ಧಾಟಿಯಲ್ಲಿ ಮಾವ ಇದನ್ನು ಹೇಳುತ್ತಾರೆ. ನಾವು ಬಾಯಿ ತೆರೆದುಕೊಂಡು ಶಿಕಾಗೋದಲ್ಲಿರುವಾಗ ಛತ್ರದಲ್ಲಿ ಅಡಿಯ ಎಲೆ ನೋಡಿ ಆಗಿರುತ್ತದೆ.

ನನಗೆ ತುಂಬ ಇಷ್ಟವಾಗುವುದು ಕೊನೆಯ ಪಾಟೀಸವಾಲು. "ನೋಡು, ನೀನೇ ತೆಗೆದೆ, ನೀನೇ ಇಟ್ಟೆ, ನೀನೇ ಕಲಸಿದೆ. ನಾನು ಕಟ್ಟು ಮುಟ್ಟಲೇ ಇಲ್ಲ, ಹೌದೋ ಅಲ್ವೋ?" ಕಲಸಿದವರು ಅವರೇ. ಕಟ್ಟು ಅವರ ಕೈಬಿಟ್ಟು ಕದಲಿಯೂ ಇಲ್ಲ. ಆದರೆ ಕೋರ್ಟಿನಲ್ಲಿ ಸಾಕ್ಷಿಗಳನ್ನು ನಡುಗಿಸುವ ಲಾಯರು ಸಹ "ಹೌದು ಮಾವ" ಎಂದು ತಲೆಯಾಡಿಸುತ್ತಾರೆ. ಬೆಳಗಿನ ತಿಂಡಿಯ ಹೊತ್ತಿಗೆ ಎಲೆ ಕಟ್ಟಿನಿಂದ ಹಾರಿ ಲಾಯರ ಕೋಟಿನ ಜೇಬಿನಲ್ಲಿ ಸಿಕ್ಕಿತು ಎಂಬಲ್ಲಿಗೆ ಸುದ್ದಿ ಬೆಳೆದಿರುತ್ತದೆ. ಹೇಳುತ್ತಿರುವವರೂ ಲಾಯರೇ.

ಮಾವ ಹೆದರುವುದು ಚಿಕ್ಕ ಮಕ್ಕಳಿಗೆ ಮಾತ್ರ. ಅವಕ್ಕೆ ಪ್ರಮೋಷನ್ ಇಲ್ಲ, ಸೈಟಿಲ್ಲ, ಮುಖ ನೋಡಿ ಮಾತಾಡಬೇಕೆಂಬ ದಾಕ್ಷಿಣ್ಯವೂ ಇಲ್ಲ. ಮೂಗೊರೆಸಿಕೊಳ್ಳುತ್ತಾ ನೆಟ್ಟಗೆ ಕಿರುಬೆರಳನ್ನೇ ನೋಡುತ್ತಿರುತ್ತವೆ. "ತಾತಾ, ಎರಡೆಲೆ!" ಎಂದು ಒಂದು ಕೂಗಿದರೆ, ಮಾವ ಕಟ್ಟನ್ನು ತೊಡೆಯ ಕೆಳಗೆ ಸೇರಿಸಿ, "ಕೆಳಗೆ ಐಸ್‌ಕ್ರೀಂ ಕೊಡ್ತಿದ್ದಾರಂತೆ ಓಡು" ಎನ್ನುತ್ತಾರೆ.

ಮೊನ್ನೆಯ ಮದುವೆಯಲ್ಲಿ ಹುಡುಗರು ಸೇರಿ ಅತ್ತೆಯ ಮುಂದೆ ಕಟ್ಟು ಹಿಡಿಸಿದರು. ಅತ್ತೆ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಒಂದು ಎಲೆ ಎಳೆದು, ನೋಡಿ, ವಾಪಸು ಕೊಟ್ಟು ಮತ್ತೆ ಹೂವಿಗೆ ಕೈ ಹಾಕಿದರು. ಮಾವ ಗೋಡೆಗೆ ಒರಗಿದರು, ತೇಗಿದರು, ಆಮೇಲೆ ದನಿ ಮೆತ್ತಗೆ ಮಾಡಿ, "ನಿನ್ನ ಮಂಡಿನೋವು ಹೇಗಿದೆಯೇ ಈಗ?" ಎಂದರು.

"ಎರಡು ಎಲೆ ಎತ್ತಿದ್ದೀರಿ, ಕೆಳಗಿಡಿ" ಎಂದರು ಅತ್ತೆ, ಹೂವಿನಿಂದ ತಲೆ ಎತ್ತದೆ.

ಹುಡುಗರೆಲ್ಲ ಬೆರಗಾಗಿ, ನೋಡದೆ ಹೇಗೆ ಗೊತ್ತಾಯಿತೆಂದು ಮುತ್ತಿಕೊಂಡರು.

"ಕೈಯಲ್ಲಿ ಇಸ್ಪೀಟು ಇಲ್ಲದಾಗ ಇವರು ಯಾವತ್ತು ಕೇಳಿದ್ದಾರೆ ನನ್ನ ಮಂಡೀನ?"