ಓವರ್ ಸ್ಮಾರ್ಟ್ ಆಗ್ಬೇಡಿ

ಮದುವೆ ಮಾತುಕತೆಯಲ್ಲಿ ‘ಹುಡುಗ ಸ್ಮಾರ್ಟ್ ಆಗಿದ್ದಾನೆ’ ಎಂದರೆ ಅವನ ಬುದ್ಧಿಯ ವಿಚಾರ ಇನ್ನೂ ಎತ್ತಿಲ್ಲ ಎಂದೇ ಲೆಕ್ಕ. ಇಸ್ತ್ರಿ ಮಾಡಿದ ಅಂಗಿ, ತೀಡಿದ ಕ್ರಾಪು ಇದ್ದರೆ ಸಾಕು. ಅದೇ ಮಾತು ಅಮೆರಿಕದ ನೆಂಟರ ಕಿವಿಗೆ ಬಿದ್ದರೆ ಹುಡುಗ ಮೇಧಾವಿ ಎಂದುಕೊಂಡು ಮೋಸ ಹೋದಾರು. ಇನ್ನು ಹಿಂದೊಂದು ‘ಓವರ್’ ಸೇರಿತೋ, ಬೈಗುಳ. ಮೇಷ್ಟ್ರಿಗೆ ಎದುರು ಪ್ರಶ್ನೆ ಹಾಕಿದ ಹುಡುಗ ಓವರ್ ಸ್ಮಾರ್ಟು, ಅತ್ತೆಯ ಹತ್ತಿರ ಲೆಕ್ಕ ಕೇಳಿದ ಸೊಸೆಯೂ ಅಷ್ಟೇ. ಅಂದರೆ ನಮ್ಮಲ್ಲಿ ಸ್ಮಾರ್ಟಾಗಿ ಕಾಣಬಹುದು, ಆಗಬಾರದು.

ಮನುಷ್ಯರಿಗೆ ನಿಷೇಧವಾದ ಈ ಗುಣವನ್ನು ವಸ್ತುಗಳಿಗೆ ಮಾತ್ರ ಧಾರಾಳವಾಗಿ ಹಂಚಿದ್ದೇವೆ: ಫೋನು, ಟೀವಿ, ವಾಚು, ಕರೆಂಟು ಮೀಟರು. ವಿಯೆಟ್ನಾಂ ಯುದ್ಧದಲ್ಲಿ ಲೇಸರ್ ಬೆಳಕು ಹಿಡಿದು ಗುರಿ ಮುಟ್ಟಿದ ಅಮೆರಿಕದ ಬಾಂಬಿಗೂ ಇದೇ ಬಿರುದು. ಪುಣ್ಯಕ್ಕೆ, ಹಾಕಿದವರಿಗೆ ಯಾರೂ ಕೊಡಲಿಲ್ಲ.

2015ರ ಜೂನ್‌ನಲ್ಲಿ ಕೇಂದ್ರದ ಸ್ಮಾರ್ಟ್ ಸಿಟಿ ಯೋಜನೆಯ ಮೂಲಕ ಬಿರುದು ಊರುಗಳ ಹೆಗಲೇರಿತು. ಸ್ಮಾರ್ಟ್ ಸಿಟಿ ಎಂದರೇನು? ಯೋಜನೆಯ ಮಾರ್ಗಸೂಚಿಯೇ ಈ ಪ್ರಶ್ನೆ ಎತ್ತಿ, ಎಲ್ಲರೂ ಒಪ್ಪುವ ವ್ಯಾಖ್ಯಾನ ಇಲ್ಲ ಎಂದು ತಾನೇ ಉತ್ತರಿಸಿದೆ. ಸರ್ಕಾರಿ ಕಾಗದದಲ್ಲಿ ಇಷ್ಟು ಪ್ರಾಮಾಣಿಕವಾದ ಮಾತು ಸಿಗುವುದು ಅಪರೂಪ. ಇಂತಿಂಥದ್ದೆಂದು ಹೇಳಲಾಗದ ಆ ವಸ್ತುವಿಗೆ ಕೇಂದ್ರದಿಂದ ಊರಿಗೆ ವರ್ಷಕ್ಕೆ ಸರಾಸರಿ 100 ಕೋಟಿಯಂತೆ ಐದು ವರ್ಷ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ. ಆರಿಸಿದ 100 ಊರುಗಳಲ್ಲಿ ನಮ್ಮವು ಏಳು: ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಕೊನೆಗೆ ಬೆಂಗಳೂರು. ಐದು ವರ್ಷದ ಕೆಲಸ ಎಳೆದೂ ಎಳೆದೂ 2025ರ ಮಾರ್ಚ್ ಮುಟ್ಟಿತು.

ವ್ಯಾಖ್ಯಾನ ಇಲ್ಲದ್ದರಲ್ಲಿ ದೊಡ್ಡ ಅನುಕೂಲವಿದೆ. ಊರು ಸ್ಮಾರ್ಟ್ ಆಗಲಿಲ್ಲ ಎಂದು ಯಾವ ಕೋರ್ಟಿನಲ್ಲೂ ಸಾಬೀತು ಮಾಡಲಾಗದು. ರಸ್ತೆ ಅಗೆದರೂ ಸ್ಮಾರ್ಟು, ಮುಚ್ಚಿದರೂ ಸ್ಮಾರ್ಟು. ಮುಚ್ಚಿದ್ದನ್ನು ಕೇಬಲ್ಲಿಗಾಗಿ ಮತ್ತೆ ಅಗೆದರೆ ಸ್ವಲ್ಪ ಓವರ್ ಸ್ಮಾರ್ಟು, ಅಷ್ಟೇ. ಇದೆಲ್ಲದರ ಮೇಲೆ ನಿಗಾ ಇಡಲು ಕಮಾಂಡ್ ಸೆಂಟರ್ ಇದೆ. ಎಲ್ಲೆಲ್ಲಿ ಟ್ರಾಫಿಕ್ ನಿಂತಿದೆ ಎಂಬುದನ್ನು ಅಲ್ಲಿ ಕೂತವರು ಎಸಿಯಲ್ಲಿ ನೋಡಬಹುದು. ನಿಂತವರಿಗೆ ಮೊದಲೇ ಗೊತ್ತಿರುತ್ತದೆ.

ಅಂದಹಾಗೆ, ಹಳೆಯ ಇಂಗ್ಲಿಷಿನಲ್ಲಿ ‘ಸ್ಮಾರ್ಟ್’ ಪದದ ಅರ್ಥ ಚುರ್ ಎನ್ನಿಸುವ ಉರಿನೋವು. ಬುದ್ಧಿ, ಸೊಗಸು ಎಲ್ಲ ಆಮೇಲೆ ಅಂಟಿಕೊಂಡವು. ಮಾರ್ಗಸೂಚಿ ಬರೆದವರು ಒಮ್ಮೆ ನಿಘಂಟು ಬಿಡಿಸಿದ್ದರೆ ವ್ಯಾಖ್ಯಾನ ಸಿಕ್ಕಿಬಿಡುತ್ತಿತ್ತು. ಮಳೆಗಾಲದಲ್ಲಿ ಸ್ಕೂಟರ್ ಓಡಿಸುವ ಒಬ್ಬರೂ ತಕರಾರು ತೆಗೆಯುತ್ತಿರಲಿಲ್ಲ.