ಷಡ್ಡಕನಿಗೂ ಜಾಗ ಬೇಕು

ಡಿಸೈನ್ ಕಾಲೇಜಿನಲ್ಲಿ ನಾವು ವಾರಗಟ್ಟಲೆ ತಂಬಿಗೆಯ ಬಗ್ಗೆ ಚರ್ಚೆ ಮಾಡಿದ್ದೆವು. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ತಂಬಿಗೆಯನ್ನು ಬಾಯ್ತುಂಬ ಹೊಗಳಿದ್ದಾರೆ. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ) ಹುಟ್ಟಿದ್ದು ಆ ವರದಿಯ ಬಲದಿಂದಲೇ. ತಂಬಿಗೆಯ ಕಂಠ, ಹೊಟ್ಟೆ, ಹಿಡಿತದ ಮೇಲೆ ನಾನು ಬರೆದ ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಅಜ್ಜಿ ಮಾತ್ರ, "ಎಲ್ಲ ಸರಿ, ಒಂದು ದಿನ ಹುಣಸೆಹಣ್ಣು ಹಾಕಿ ತಿಕ್ಕಿದ್ದೀಯೇನೇ?" ಎಂದು ಕೇಳಿದರು.

ಇಂಟರ್ನ್‌ಶಿಪ್ ಬಂದಾಗ ಗೆಳತಿಯರು ಇಂದಿರಾನಗರ, ಕೋರಮಂಗಲದ ಗಾಜಿನ ಸ್ಟುಡಿಯೊಗಳಿಗೆ ಹೋದರು. ನನಗೆ ಸಿಕ್ಕಿದ್ದು ಕಾಟನ್‌ಪೇಟೆಯ ಒಂದು ಆಫ್‌ಸೆಟ್ ಪ್ರೆಸ್ಸು. ಕುರ್ಚಿ ಓನರ್‌ಗೆ, ಕಾಗದದ ಬಂಡಲು ಉಳಿದವರಿಗೆ. ಲಗ್ನದ ಸೀಸನ್ನು. ನಾನು ಮಾಡಿದ ಮೊದಲ ಲಗ್ನಪತ್ರಿಕೆಯ ಪ್ರೂಫ್ ನೋಡಿದ ಹುಡುಗಿಯ ತಂದೆ ಅದನ್ನು ಹಿಂದೆ ಮುಂದೆ ತಿರುಗಿಸಿದರು.

"ಏನಮ್ಮ ಇದು, ಇಷ್ಟೊಂದು ಖಾಲಿ?"

"ಕಣ್ಣಿಗೆ ವಿಶ್ರಾಂತಿ ಸಿಗಲಿ ಅಂತ, ಸಾರ್."

"ಮದುವೆ ಮನೇಲಿ ಯಾರಿಗಮ್ಮ ವಿಶ್ರಾಂತಿ? ನಮ್ಮ ಷಡ್ಡಕರ ಹೆಸರು ಅಲ್ಲಿ ಹಾಕು. ಇಲ್ಲದಿದ್ರೆ ಅವರು ಬರಲ್ಲ, ಬಂದ್ರೂ ಊಟ ಮಾಡಲ್ಲ."

ಬಳಕೆದಾರರನ್ನು ಅರ್ಥಮಾಡಿಕೊಳ್ಳುವುದು ಹೇಗೆಂದು ಕಾಲೇಜಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಗೋಡೆಗೆ ಹಳದಿ ಚೀಟಿ ಅಂಟಿಸಿದ್ದೆವು. ಅಷ್ಟೂ ಚೀಟಿಗಳಲ್ಲಿ ಷಡ್ಡಕ ಒಂದರಲ್ಲೂ ಇರಲಿಲ್ಲ.

ನಿಜವಾದ ಪ್ರೊಫೆಸರ್ ಇದ್ದದ್ದು ಮಷಿನ್ ಹತ್ತಿರ, ಲುಂಗಿಯಲ್ಲಿ. ಪರದೆ ಬಣ್ಣ ಮಾಡುವುದು ಬೆಳಕಿನಿಂದ, ಪ್ರೆಸ್ಸು ಮಾಡುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಗಳಿಂದ. ಹಾಗಾಗಿ ಪರದೆಯ ಮೇಲೆ ಮಿನುಗುವ ಗಿಳಿಹಸಿರು ಕಾಗದಕ್ಕಿಳಿದರೆ ಬಾಡಿಹೋಗುತ್ತದೆ. ಮಷಿನ್ ಮ್ಯಾನ್ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಈ ಹಸಿರೇ ಬೇಕು ಅಂದ್ರೆ ಪತ್ರಿಕೆ ಬದಲು ಮನೆಮನೆಗೂ ಟಿವಿ ಹಂಚಿ." ಸಣ್ಣ ಅಕ್ಷರಕ್ಕೆ ನಾಲ್ಕೂ ಶಾಯಿ ಬೆರೆಸಿದ ಕಪ್ಪು ಕೂಡದು, ಬರೀ ಕಪ್ಪು ಹಾಕಬೇಕು, ಪ್ಲೇಟು ಕೂದಲೆಳೆಯಷ್ಟು ಸರಿದರೂ ವರನ ಹೆಸರಿಗೆ ನೆರಳು ಬೀಳುತ್ತದೆ ಎಂದವರೂ ಅವರೇ. ಅಂಚಿನಾಚೆ 3 ಮಿಲಿಮೀಟರ್ ಬಣ್ಣ ಹೆಚ್ಚು ಬಿಡಬೇಕೆಂಬುದು ನನಗೆ ಪರೀಕ್ಷೆಯ ಮಟ್ಟಿಗೆ ಗೊತ್ತಿತ್ತು. ಯಾಕೆಂದು ಗೊತ್ತಾದದ್ದು ಕಟಿಂಗ್ ಮಷಿನ್ನಿನ ಬ್ಲೇಡು ಹಾಳೆಗಳ ರಾಶಿಯ ಮೇಲೆ ಕಚಕ್ಕೆಂದು ಇಳಿದಾಗ.

ಇನ್ನು ಕನ್ನಡ. ಕಾಲೇಜಿನಲ್ಲಿ ನಮ್ಮ ಪೋಸ್ಟರುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತಿದ್ದವು (ಬೆಂಗಳೂರಿನಲ್ಲೇ ಕಣ್ರೀ!). ಇಲ್ಲಿ ಗಿರಾಕಿ ತಂದ ಹಳೆಯ 'ನುಡಿ' ತಂತ್ರಾಂಶದ ಫೈಲನ್ನು ಯೂನಿಕೋಡ್ ಫಾಂಟಿನಲ್ಲಿ ತೆರೆದರೆ ಮಂತ್ರವಾದಿಯ ತಗಡಿನಂತೆ ಕಾಣುತ್ತಿತ್ತು. ಯೂನಿಕೋಡ್‌ನಲ್ಲೇ ತಂದರೂ, ಪುಟ ಕಟ್ಟುವ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆ ಒತ್ತದಿದ್ದರೆ ಒತ್ತಕ್ಷರಗಳು ಮೇಲೆದ್ದು ಸಾಲಿನಲ್ಲಿ ನಿಲ್ಲುತ್ತಿದ್ದವು. ವಧು ಪದ್ಮ ಹೋಗಿ 'ಪದ್‌ಮ' ಆದರೆ ಬೀಗರ ಮನೆಯಲ್ಲಿ ಅದಕ್ಕೆ ಯಾರು ಉತ್ತರ ಕೊಡುತ್ತಾರೆ?

ಸ್ಟುಡಿಯೊಗಳಿಗೆ ಹೋದವರೂ ಕಲಿತಿದ್ದಾರೆ, ಇಲ್ಲವೆನ್ನಲಾರೆ. ಅವರ ಕಾಫಿಯೂ ಚೆನ್ನಾಗಿತ್ತಂತೆ. ಆದರೂ ನನ್ನನ್ನು ಕೇಳುವ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ: ಮೊದಲು ಪ್ರೆಸ್ಸಿಗೆ ಹೋಗಿ, ಅದೂ ಲಗ್ನದ ಸೀಸನ್ನಿನಲ್ಲಿ. ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ಮೆಜೆಂಟಾ ಯಾವ ಸೋಪಿಗೂ ಹೋಗುವುದಿಲ್ಲ.